ಒಂಟಿಯಾಗಿ ಕೆರೆ ದಾರಿ ಕೇಳಬಾರದು

ಮೊನ್ನೆ ಸಂಜೆ ಕುಂದಲಹಳ್ಳಿ ಗೇಟಿನ ಹತ್ತಿರ ತಳ್ಳುಗಾಡಿಯ ಮುಂದೆ ನಿಂತು ಅವರೆಕಾಯಿ ಆರಿಸುತ್ತಿದ್ದೆ. ಆರಿಸುವುದೆಂದರೆ ಸುಮ್ಮನೆ ಬಾಚಿ ಚೀಲಕ್ಕೆ ಹಾಕುವುದಲ್ಲ. ಒಂದೊಂದು ಹಿಡಿಯನ್ನೂ ಮೂಗಿಗೆ ಹಿಡಿದು ಸೊಗಡು ಇದೆಯೇ ಎಂದು ನೋಡಬೇಕು, ಬೆರಳಿಗೆ ಅಂಟು ಹತ್ತಿತೇ ಎಂದು ಪರೀಕ್ಷಿಸಬೇಕು. ಇದು ನನ್ನ ಹೆಂಡತಿ ಶಾರದೆಯ ಕಟ್ಟಪ್ಪಣೆ. ಸೊಗಡಿಲ್ಲದ ಕಾಯಿ ತಂದರೆ ಅವಳು ಅದನ್ನೂ ನೋಡುವುದಿಲ್ಲ, ತಂದವನನ್ನೂ ನೋಡುವುದಿಲ್ಲ. ಪಕ್ಕದಲ್ಲಿ ಕೊರಳಿಗೆ ಕಂಪನಿಯ ಗುರುತುಚೀಟಿ ಹಾಕಿಕೊಂಡ ಒಬ್ಬಳು ಹುಡುಗಿ ಒಂದು ಕಾಯಿ ಎತ್ತಿ ಮೂಸಿ, ತೊಳೆದರೆ ಈ ವಾಸನೆ ಹೋಗುತ್ತಾ ಎಂದು ಗಾಡಿಯವನನ್ನು ಕೇಳಿದಳು. ಅವನು ಒಂದು ಕ್ಷಣವೂ ಯೋಚಿಸದೆ, ಪೂರ್ತಿ ಹೋಗುತ್ತೆ ಮೇಡಂ ಎಂದ. ವ್ಯಾಪಾರಿಗೆ ಅಷ್ಟು ಧೈರ್ಯ ಇರಬೇಕು.

ನನ್ನ ಅನುಭವದಲ್ಲಿ ಆ ವಾಸನೆ ಹೋಗುವುದಿಲ್ಲ. ನನ್ನ ಬೆರಳಿಗೆ ಅದು ಹತ್ತಿ ಎಷ್ಟೋ ವರ್ಷವಾಯಿತು. ಆಗ ಈ ಗೇಟಿನ ಸುತ್ತ ಗಾಜಿನ ಕಟ್ಟಡಗಳಿರಲಿಲ್ಲ, ಹೊಲಗಳಿದ್ದವು. ನಾನೂ ಹೊಸದಾಗಿ ಕೊಂಡ ಮೋಟಾರ್‌ಸೈಕಲ್ಲಿನ ಮೇಲೆ ಒಬ್ಬ ಸಾಹಸಿಯಾಗಿದ್ದೆ. ನೀವು ನಗಬಾರದು. ಸಾಹಸಿಯಾಗಬೇಕೆಂದು ಆಫೀಸಿನಿಂದಲೇ ಸುತ್ತೋಲೆ ಬಂದಿತ್ತು.

ಆ ಕಾಲದ ಸರ್ಕಾರಿ ಫ್ಯಾಕ್ಟರಿಯ ನೌಕರ ಎಂತಹ ಪ್ರಾಣಿ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅವನನ್ನು ಬೆಳಿಗ್ಗೆ ಸೈರನ್ನು ಎಬ್ಬಿಸುತ್ತಿತ್ತು, ಕ್ಯಾಂಟೀನು ಉಣಿಸುತ್ತಿತ್ತು, ಫ್ಯಾಕ್ಟರಿ ಬಸ್ಸು ಹೊತ್ತು ತಿರುಗುತ್ತಿತ್ತು. ನಾನು ರಾಜಾಜಿನಗರದ ಬಾಡಿಗೆ ಮನೆಯ ಮುಂದೆ ಬಸ್ಸು ಹತ್ತಿ ಕಣ್ಣು ಮುಚ್ಚಿದರೆ, ತೆರೆಯುತ್ತಿದ್ದದ್ದು ಊರಿನ ಪೂರ್ವದ ತುದಿಯಲ್ಲಿದ್ದ ಫ್ಯಾಕ್ಟರಿಯ ಗೇಟಿನಲ್ಲಿ. ಸಂಜೆ ಮತ್ತೆ ಮುಚ್ಚಿದರೆ ಮನೆ. ನಡುವೆ ಬೆಂಗಳೂರು ಎಂಬ ಊರು ಇದೆ ಎಂದು ಪತ್ರಿಕೆಯಲ್ಲಿ ಓದಿ ತಿಳಿದಿದ್ದೆ. ದಾರಿಯಲ್ಲಿ ನನಗೆ ಪರಿಚಯವಿದ್ದದ್ದು ಗುಂಡಿಗಳು ಮಾತ್ರ. ಯಾವ ಗುಂಡಿಯಲ್ಲಿ ತಲೆ ಕಿಟಕಿಗೆ ಬಡಿಯುತ್ತದೆ, ಯಾವುದರಲ್ಲಿ ಪಕ್ಕದವನ ಭುಜಕ್ಕೆ ಬಡಿಯುತ್ತದೆ ಎಂಬುದು ನಿದ್ದೆಯಲ್ಲೂ ಗೊತ್ತಿತ್ತು.

ಅಂಥವನಿಗೆ, ವರ್ಷಗಟ್ಟಲೆ ಹೆಸರು ಬರೆಸಿ ಕಾದ ಮೇಲೆ, ಮೋಟಾರ್‌ಸೈಕಲ್ಲು ಬಂತು. ಶಾರದೆ ಆರತಿ ಎತ್ತಿದಳು, ನಿಂಬೆಹಣ್ಣು ಚಕ್ರಕ್ಕೆ ಇಟ್ಟಳು. ಆಮೇಲೆ ಯಾರಿಗೂ ಹೇಳದೆ ಹಿಂದಿನ ಸೀಟಿಗೆ ಒಂದು ಕವಚ ಹೊಲಿದಳು. ಹಸಿರು ಬಟ್ಟೆ, ಅಂಚಿನಲ್ಲಿ ಕೆಂಪು ದಾರದ ಹೂಗಳು. ಮೊದಲ ದೂರದ ಸವಾರಿ ಅವಳ ತವರು ಮಾಕಳಿಗೆ ಎಂದು ಯಾರೂ ಮಾತಾಡಿಕೊಂಡಿರಲಿಲ್ಲ, ಆದರೆ ಇಬ್ಬರಿಗೂ ಗೊತ್ತಿತ್ತು. ಅವಳಿಗೆ ಗೊತ್ತಿದ್ದಷ್ಟು ನನಗೆ ಗೊತ್ತಿರಲಿಲ್ಲ ಎಂದು ಬೇಕಾದರೆ ಹೇಳಬಹುದು.

ಅಷ್ಟರಲ್ಲಿ ನಮ್ಮ ಜನರಲ್ ಮ್ಯಾನೇಜರು ವಿದೇಶದಿಂದ ತರಬೇತಿ ಮುಗಿಸಿ ಬಂದರು. ಅಲ್ಲಿ ಅವರನ್ನು ಯಾವುದೋ ಕಾಡಿನಲ್ಲಿ ಡೇರೆ ಹಾಕಿ ಮಲಗಿಸಿದ್ದರಂತೆ. ಬಂದವರೇ, ನಮ್ಮ ನೌಕರರಲ್ಲಿ ಸ್ವಾವಲಂಬನೆ ಇಲ್ಲ, ಎಲ್ಲರೂ ಬಸ್ಸನ್ನು ನಂಬಿ ಕೂತಿದ್ದಾರೆ ಎಂದು ಕಂಡುಹಿಡಿದರು. ಮನರಂಜನಾ ಸಂಘದಲ್ಲಿ ಮೋಟಾರ್‌ಸೈಕಲ್ ವಿಭಾಗ ಹುಟ್ಟಿತು. ಮೊದಲ ಶಿಬಿರ ವೈಟ್‌ಫೀಲ್ಡಿನ ಆಚೆ ಒಂದು ಕೆರೆಯ ದಡದಲ್ಲಿ. ಸುತ್ತೋಲೆಯ ನಿಯಮಗಳನ್ನು ಕೇಳಿ: ಪ್ರತಿಯೊಬ್ಬನೂ ಒಂಟಿಯಾಗಿಯೇ ಬರಬೇಕು, ಜೊತೆ ಕೂಡದು. ತನ್ನ ಹಾಸಿಗೆ ತಾನೇ ತರಬೇಕು. ಗಟ್ಟಿಯಾದ ಒಂದು ಹಗ್ಗ ಕಡ್ಡಾಯ. ಶಿಬಿರದ ವಾತಾವರಣಕ್ಕೆ ಹೊಂದಿಕೊಳ್ಳಲು ಗಡ್ಡ ಕೆರೆಯದೆ ಬರುವುದು ಅಪೇಕ್ಷಣೀಯ. ಈಜುವ ಇಚ್ಛೆಯುಳ್ಳವರು ನೀರಿನ ಆಳವನ್ನು ಸ್ಥಳೀಯರಿಂದ ವಿಚಾರಿಸತಕ್ಕದ್ದು. ಸೂರ್ಯಾಸ್ತಕ್ಕೆ ಸರಿಯಾಗಿ ಮ್ಯಾನೇಜರು ಸೀಟಿ ಊದಿ ಹಾಜರಿ ತೆಗೆದುಕೊಳ್ಳುವರು. ಸ್ವಾವಲಂಬನೆಗೆ ಬೇಕಾದ ಡೇರೆ, ಕುರ್ಚಿ, ನೀರಿನ ಡ್ರಮ್ಮು ಮತ್ತು ಅಡುಗೆಭಟ್ಟರು ಫ್ಯಾಕ್ಟರಿ ಲಾರಿಯಲ್ಲಿ ಬರುವರು.

ದಾರಿಯ ನಕ್ಷೆಯನ್ನು ಡ್ರಾಯಿಂಗ್ ಆಫೀಸಿನ ನನ್ನ ಗೆಳೆಯ ನಾಗರಾಜ ಬರೆದ. ಅದರಲ್ಲಿ ಉತ್ತರ ದಿಕ್ಕಿನ ಬಾಣ, ಮೂಲೆಯಲ್ಲಿ ಚೌಕಟ್ಟು, ಬರೆದವನ ಸಹಿ, ಪರಿಶೀಲಿಸಿದವನ ಸಹಿ, ಮಂಜೂರು ಮಾಡಿದವನ ಸಹಿ ಎಲ್ಲ ಇತ್ತು. ಊರಿನ ಹೆಸರು ಒಂದೂ ಇರಲಿಲ್ಲ. ಕೇಳಿದ್ದಕ್ಕೆ, ಹೆಸರು ಹಾಕಿದರೆ ಗೆರೆ ಅಂದಗೆಡುತ್ತೆ ಕಣೋ ಎಂದ.

ನಾನಾದರೂ ಸುಮ್ಮನಿರಬಹುದಿತ್ತು. ಕ್ಯಾಂಟೀನಿನಲ್ಲಿ ಇಡ್ಲಿ ಮುರಿಯುತ್ತಾ, ಎಲ್ಲರಿಗಿಂತ ಮೊದಲು ಕೆರೆ ಮುಟ್ಟುವವನು ನಾನೇ ಎಂದುಬಿಟ್ಟೆ. ಬಸ್ಸಿನಲ್ಲಿ ನನ್ನ ಗೊರಕೆ ಕೇಳಿದ್ದವರೆಲ್ಲ ಅಲ್ಲೇ ಕೂತಿದ್ದರು. ಅವರು ನಕ್ಕ ರೀತಿ ನೋಡಿ ಹಟ ಹತ್ತಿತು. ಸೀಟಿ ಊದುವಾಗ ಆ ದಡದಲ್ಲಿ ನಾನಿಲ್ಲದಿದ್ದರೆ ಮುಂದೆ ಕ್ಯಾಂಟೀನಿಗೆ ಕಾಲಿಡುವ ಹಾಗಿರಲಿಲ್ಲ. ಮನೆಯಲ್ಲೂ ಅಷ್ಟೇ. ಮಲ್ಲೇಶ್ವರದ ಮಾರುಕಟ್ಟೆಗೆ ಹೋಗಿ ದಾರಿ ತಪ್ಪಿದವರು ನೀವು ಎಂದು ಶಾರದೆ ಶಾಂತವಾಗಿ ನೆನಪಿಸಿದ್ದಳು.

ಆ ಶನಿವಾರ ಮಧ್ಯಾಹ್ನ ಹಿಂದಿನ ಸೀಟಿನ ಮೇಲೆ ಹಾಸಿಗೆ ಸುತ್ತಿದ ಹೋಲ್ಡಾಲು ಇಟ್ಟು ಬಿಗಿದು ಕಟ್ಟಿದೆ. ಹಸಿರು ಕವಚದ ಹೂಗಳು ಅದರ ಅಡಿಯಲ್ಲಿ ಮುಚ್ಚಿಹೋದವು, ಅಂಚು ಮಾತ್ರ ಹೊರಗೆ ಇಣುಕುತ್ತಿತ್ತು. ಶಾರದೆ ಬಾಗಿಲಲ್ಲಿ ನಿಂತು ನೋಡಿದಳು.

"ಹುಷಾರಾಗಿ ಹೋಗ್ಬನ್ನಿ ಅಂತ ನಿಮಗೆ ಹೇಳ್ಲಾ, ಆ ಹಾಸಿಗೆಗೆ ಹೇಳ್ಲಾ?"

ಇದು ತಮಾಷೆ ಎಂದು ತಿಳಿದು ನಕ್ಕು ಗಾಡಿ ಒದ್ದೆ. ಎರಡನೆಯ ಒದೆತಕ್ಕೆ ಹೊರಟಿತು. ತಿರುಗಿ ನೋಡಿದಾಗ ಬಾಗಿಲು ಮುಚ್ಚಿತ್ತು.

ಗುಂಡಿಗಳ ಗುರುತು ಹಿಡಿದು ಫ್ಯಾಕ್ಟರಿ ಗೇಟಿನವರೆಗೆ ಬಂದೆ. ನನ್ನ ಭೂಗೋಳ ಅಲ್ಲಿಗೆ ಮುಗಿಯುತ್ತಿತ್ತು. ದೊಡ್ಡನೆಕ್ಕುಂದಿಯ ಕಡೆ ತಿರುಗಬಾರದಿತ್ತು, ತಿರುಗಿದೆ. ವಾಪಸು ಬಂದು ಕುಂದಲಹಳ್ಳಿ ದಾಟಿದೆ. ಮುಂದೆ ಎಲ್ಲಿ ನೋಡಿದರೂ ಅವರೆ, ರಾಗಿಯ ಕೂಳೆ, ಒಂದೇ ಥರದ ಮಣ್ಣಿನ ದಾರಿಗಳು. ಕನ್ನಡಕ ಮರೆತು ಬಂದಿದ್ದರಿಂದ ಧೂಳೆಲ್ಲ ಕಣ್ಣಿಗೇ ಬಂದು ನೀರು ಧಾರಾಕಾರ ಸುರಿಯುತ್ತಿತ್ತು. ನಾಗರಾಜನ ನಕ್ಷೆಯಲ್ಲಿ ಬಾಣ ಉತ್ತರಕ್ಕಿತ್ತು, ನಾನು ಎಲ್ಲಿದ್ದೇನೆ ಎಂಬುದು ಮಾತ್ರ ಇರಲಿಲ್ಲ.

ಎತ್ತು ಮೇಯಿಸುತ್ತಿದ್ದ ಒಬ್ಬರನ್ನು ಮೊದಲು ಕೇಳಿದೆ. ನಡುವಯಸ್ಸಿನ ಆಳು, ತಲೆಗೆ ಟವಲು. ಆಮೇಲೆ ತಿಳಿದಂತೆ ಅವರ ಹೆಸರು ಚನ್ನಪ್ಪ. ಕೆರೆ ಎಲ್ಲಿ ಎಂದೆ. ಅವರು ನನ್ನ ಮುಖ ನೋಡಿದರು, ಹ್ಯಾಂಡಲಿಗೆ ಸುತ್ತಿದ್ದ ಹಗ್ಗ ನೋಡಿದರು, ಮತ್ತೆ ಮುಖ ನೋಡಿದರು.

"ಯಾಕ್ ಸಾಮಿ ಕೆರೆ? ಒಬ್ರೇನಾ?"

ಒಬ್ಬನೇ ಹೋಗಬೇಕು, ಯಾರೂ ಜೊತೆ ಬರುವ ಹಾಗಿಲ್ಲ ಎಂದು ನಿಯಮವನ್ನು ವಿವರಿಸಿದೆ. ಕತ್ತಲಾಗುವುದರೊಳಗೆ ಸೇರಲೇಬೇಕು ಎಂದೆ. ಸುತ್ತೋಲೆ ನೆನಪಾಗಿ, ನೀರು ಆಳ ಇದೆಯಾ ಎಂದೂ ವಿಚಾರಿಸಿದೆ. ಚನ್ನಪ್ಪ ಎಡಗಡೆ ದಾರಿ ತೋರಿಸಿ, ಹಂಗೇ ಹೋಗಿ ಎಂದರು. ನಂತರ, ಹಸು ಕಟ್ಟಬೇಕು, ಆ ಹಗ್ಗ ಒಸಿ ಕೊಡಿ ಎಂದರು. ಅವರ ಬಳಿ ಹಸುವೇ ಇರಲಿಲ್ಲ. ಆದರೂ ದಾರಿ ಹೇಳಿದವರಿಗೆ ಇಲ್ಲವೆನ್ನಲಾಗದೆ ಕೊಟ್ಟುಬಿಟ್ಟೆ. ಹಾಜರಿಯಲ್ಲಿ ಹಗ್ಗ ಕೇಳಿದರೆ ಏನು ಹೇಳುವುದು ಎಂಬ ಚಿಂತೆ ಶುರುವಾಯಿತು.

ಎಡಗಡೆ ದಾರಿ ಒಂದು ಕಲ್ಲುಗಣಿಯ ಹತ್ತಿರ ಮುಗಿಯಿತು. ತಿರುಗಿ ಬಂದು ಅವರೆ ಬಿಡಿಸುತ್ತಿದ್ದ ಹೆಂಗಸರನ್ನು ಕೇಳಿದೆ. ಕೆರೆ ಬತ್ತಿಹೋಗಿದೆ, ಈ ಕಡೆ ಒಂದು ಹನಿ ನೀರಿಲ್ಲ, ಮನೆಗೆ ಹೋಗಪ್ಪ ಎಂದರು. ಅವರು ಹೇಳುತ್ತಿರುವಾಗಲೇ ಬಾಲದವರೆಗೂ ನೆಂದ ಎರಡು ಎಮ್ಮೆಗಳು ನಮ್ಮ ನಡುವೆ ನಡೆದುಹೋದವು. ನಾನು ಎಮ್ಮೆಗಳನ್ನು ನೋಡಿದೆ, ಹೆಂಗಸರು ಆಕಾಶ ನೋಡಿದರು. ಮುಂದೆ ಟೀ ಅಂಗಡಿಯವನು, ಕೆರೆಗೆ ಹೋಗುವ ದಾರಿ ಹೊಸಕೋಟೆಯ ಮೇಲಿಂದ ಎಂದ. ಅಂದರೆ ಇನ್ನೊಂದು ತಾಲ್ಲೂಕು ಸುತ್ತಿ ಬರಬೇಕು. ಹಳ್ಳಿಯವರು ಮುಗ್ಧರು, ಸತ್ಯವಂತರು ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದ ಮೇಷ್ಟರ ಮೇಲೆ ನನಗೆ ಅಂದು ಬಹಳ ಕೋಪ ಬಂತು.

ಎಷ್ಟು ಸುತ್ತಿದರೂ ಗಾಡಿ ಒಂದೇ ಅರಳಿಕಟ್ಟೆಗೆ ಬಂದು ನಿಲ್ಲುತ್ತಿತ್ತು. ಕೊನೆಯ ಸಲ ಬಂದಾಗ ಸೂರ್ಯ ಮರದ ಕೆಳಗಿಳಿದಿದ್ದ. ಎಲ್ಲೋ ಹತ್ತಿರದಲ್ಲೇ ಸೀಟಿ ಊದಿದ ಸದ್ದು ಕೇಳಿದಂತಾಯಿತು. ಕಟ್ಟೆಯ ಮೇಲೆ ಒಂದಷ್ಟು ಜನ ನನಗಾಗಿಯೇ ಕಾದು ಕೂತಿದ್ದರು. ಅವರ ನಡುವೆ ಚನ್ನಪ್ಪ. ಅವರು ಎದ್ದು ಬಂದು, ಮದುಮಗನನ್ನು ಇಳಿಸುವಂತೆ ತೋಳು ಹಿಡಿದು ನನ್ನನ್ನು ಇಳಿಸಿ, ಗಾಡಿಯ ಕೀಲಿ ತೆಗೆದು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು.

ದರೋಡೆ ಎಂದೇ ಅಂದುಕೊಂಡೆ. ಆದರೆ ದರೋಡೆಕೋರರು ಯಾರೂ ಕೈಕಾಲು ತೊಳೆಯಲು ಬಿಸಿನೀರು ಕೊಡುವುದಿಲ್ಲ. ಚನ್ನಪ್ಪನ ತಾಯಿ ಮುನಿಯಮ್ಮ, ಹಣ್ಣು ಹಣ್ಣು ಮುದುಕಿ, ನನ್ನನ್ನು ಕಟ್ಟೆಯ ಎದುರಿನ ತನ್ನ ಮನೆಯ ಜಗಲಿಯ ಮೇಲೆ ಕೂರಿಸಿ ಮಡಿಲ ತುಂಬ ಅವರೆಕಾಯಿ ಸುರಿದು, ಬಿಡಿಸು, ಕೈ ಸುಮ್ಮನೆ ಇರಬಾರದು ಎಂದಳು. ನಾನು ಬಿಡಿಸಿದೆ. ಜನರಲ್ ಮ್ಯಾನೇಜರಿಗೆ ಕೂಡ ಅಷ್ಟು ವಿಧೇಯನಾಗಿ ನಾನು ಎಂದೂ ಕೆಲಸ ಮಾಡಿರಲಿಲ್ಲ. ಬಿಡಿಸುತ್ತಲೇ ನನ್ನ ಕಥೆ ಹೇಳಿಕೊಂಡೆ. ನಾನು ಫ್ಯಾಕ್ಟರಿಯವನು, ಕೆರೆ ದಡದಲ್ಲಿ ಎಲ್ಲರೂ ಡೇರೆ ಹಾಕಿ ಮಲಗುತ್ತೇವೆ, ಅದಕ್ಕೆ ಸಾಹಸ ಶಿಬಿರ ಎನ್ನುತ್ತಾರೆ.

ಮನೆ ಇದೆಯಾ ಎಂದು ಕೇಳಿದರು. ಇದೆ ಎಂದೆ. ಸೂರು ಸೋರುತ್ತಾ? ಇಲ್ಲ. ಫ್ಯಾನು? ಇದೆ. ಮಂಚ? ಅದೂ ಇದೆ. ಹಾಗಾದರೆ ಈ ಚಳಿಯಲ್ಲಿ ಕೆರೆಯ ಹತ್ತಿರ ಯಾಕೆ ಮಲಗುತ್ತೀಯ ಎಂದು ಚನ್ನಪ್ಪ ಕೇಳಿದರು. ಸ್ವಾವಲಂಬನೆಗೆ ಎಂದೆ. ಜೀವನದಲ್ಲಿ ಹೇಳಿದ ಎಷ್ಟೋ ಸುಳ್ಳುಗಳನ್ನು ಜನ ನಂಬಿದ್ದಾರೆ. ಆ ಸಂಜೆ ಹೇಳಿದ ಅಪ್ಪಟ ನಿಜವನ್ನು ಒಬ್ಬರೂ ನಂಬಲಿಲ್ಲ. ನನಗೇ ಅದು ನಂಬುವಂಥ ಮಾತಾಗಿ ಕೇಳಲಿಲ್ಲ.

ಮುದ್ದೆ ಬಂತು, ಅವರೆಕಾಳಿನ ಸಾರು ಬಂತು.

"ಮೊದ್ಲು ಉಣ್ಣಪ್ಪ. ಒಟ್ಟೆ ತುಂಬಿದ ಮ್ಯಾಕೆ ಮಾತು," ಎಂದು ಮುನಿಯಮ್ಮ ಎದುರಿಗೇ ಕೂತಳು. ನಾನು ಉಂಡು ಮುಗಿಸುವವರೆಗೂ ಕಣ್ಣು ತೆಗೆಯಲಿಲ್ಲ. ಆಮೇಲೆ ಗಾಡಿಯ ಕಡೆ ನೋಡಿದಳು. ಹೋಲ್ಡಾಲಿನ ಅಡಿಯಿಂದ ಹಸಿರು ಅಂಚು, ಒಂದು ಕೆಂಪು ಹೂವು ಕಾಣುತ್ತಿದ್ದವು.

"ಅದು ಎಂಡ್ರು ಒಲಿದಿದ್ದು ಅಲ್ವಾ? ಅವ್ಳು ಕೂರೋ ಜಾಗದಾಗೆ ಆಸಿಗೆ ಕಟ್ಕಂಡು ಬಂದಿದ್ದೀಯ. ಏನಂದ್ಲು ಅವ್ಳು, ಓಗೋವಾಗ?"

ಬಾಗಿಲಲ್ಲಿ ಅವಳು ಹೇಳಿದ್ದನ್ನು ಹೇಳಿದೆ. ಹೇಳುವಾಗ ಅದು ತಮಾಷೆಯಾಗಿರಲಿಲ್ಲ ಎಂದು ಮೊದಲ ಬಾರಿಗೆ ಹೊಳೆಯಿತು. ಕಣ್ಣಲ್ಲಿ ಮತ್ತೆ ನೀರು ಬಂತು, ಈ ಸಲ ಧೂಳಿರಲಿಲ್ಲ. ಕಟ್ಟೆಯ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾವು ಅಂದುಕೊಂಡದ್ದು ಸರಿ ಎಂಬಂತೆ ತಲೆಯಾಡಿಸಿದರು. ಆಗಲೇ ನನಗೆ ಅರ್ಥವಾದದ್ದು. ಕೆರೆಗೆ ಬಿದ್ದು ಸಾಯಲು ಬಂದವನು ನಾನು ಎಂದು ಇಷ್ಟು ಹೊತ್ತೂ ಅವರೆಲ್ಲ ನಂಬಿದ್ದರು. ಗಡ್ಡ, ಹಗ್ಗ, ಕಣ್ಣೀರು, ಒಂಟಿತನ, ನೀರಿನ ಆಳದ ವಿಚಾರಣೆ, ಎಲ್ಲವೂ ಸುತ್ತೋಲೆಯ ಪ್ರಕಾರವೇ ಇತ್ತು.

ನನಗೆ ನಗು ಬಂತು. ಮುನಿಯಮ್ಮ ನಗಲಿಲ್ಲ.

"ಮುಂಚೆ ಒಂದ್ಸಲ ಒಬ್ಬ ಬಂದಿದ್ದ. ನಿನ್ನಂಗೇ, ಪ್ಯಾಕ್ಟ್ರಿ ಅಂಗಿ. ಕೆರೆ ಎಲ್ಲೈತಮ್ಮ ಅಂದ. ಇಂಗೋಗಪ್ಪ ಅಂತ ನಾನೇ ಕೈ ತೋರ್ಸಿದೆ. ಯಾಕೆ ಅಂತ ಕೇಳ್ನಿಲ್ಲ. ಉಂಡ್ಯಾ ಅಂತಾನೂ ಕೇಳ್ನಿಲ್ಲ."

ಅಷ್ಟೇ ಹೇಳಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಉಳಿದದ್ದನ್ನು ಚನ್ನಪ್ಪ ಹೇಳಿದರು. ಕೆರೆಯಿಂದ ಎತ್ತಿದ ಆ ಮನುಷ್ಯ ಯಾರು, ಯಾವ ಊರು ಎಂದು ಕೊನೆಗೂ ಗೊತ್ತಾಗಲಿಲ್ಲವಂತೆ. ಅಂದಿನಿಂದ ಕೆರೆಯ ಸುತ್ತಲ ಹಳ್ಳಿಗಳಲ್ಲೆಲ್ಲ ಒಂದು ಕಟ್ಟುಪಾಡು. ಹೊತ್ತು ಇಳಿಯುವಾಗ ಒಂಟಿಯಾಗಿ ಬಂದ ಪರಸ್ಥಳದವರಿಗೆ ಕೆರೆಯ ದಾರಿ ಹೇಳುವುದಿಲ್ಲ. ಬೇರೆ ಕಡೆ ಕಳಿಸುತ್ತಾರೆ, ಸುತ್ತಿಸುತ್ತಾರೆ, ಅಷ್ಟರಲ್ಲಿ ಯಾರಾದರೂ ಓಡಿ ಬಂದು ಕಟ್ಟೆಗೆ ಸುದ್ದಿ ಮುಟ್ಟಿಸುತ್ತಾರೆ. ಸುತ್ತಿ ಸುತ್ತಿ ಹಸಿವಾದ ಮೇಲೆ ಕೂರಿಸಿ ಉಣಿಸುತ್ತಾರೆ. ಇಷ್ಟು ಜನ ನನಗೆ ಇಷ್ಟು ಶ್ರದ್ಧೆಯಿಂದ ಸುಳ್ಳು ಹೇಳಿದ್ದರು. ಅವರಲ್ಲಿ ಒಬ್ಬರಿಗೂ ನನ್ನ ಹೆಸರು ಗೊತ್ತಿರಲಿಲ್ಲ.

ನನ್ನನ್ನು ಒಬ್ಬನೇ ಕಳಿಸಲು ಅವರು ಒಪ್ಪಲಿಲ್ಲ. ಹೋಲ್ಡಾಲು ಬಿಚ್ಚಿ ಜಗಲಿಯ ಮೇಲಿಟ್ಟರು. ಆ ಜಾಗದಲ್ಲಿ ಚನ್ನಪ್ಪ ಕೂತು, ರಾಜಾಜಿನಗರದವರೆಗೂ ನನ್ನ ಸೊಂಟವನ್ನು ಬಿಡದೆ ಹಿಡಿದು ಬಂದರು. ಶಾರದೆ ಬಾಗಿಲು ತೆಗೆದಾಗ, ಕಳೆದುಹೋದ ಕರುವನ್ನು ಒಪ್ಪಿಸುವಂತೆ ನನ್ನನ್ನು ಮುಂದೆ ತಳ್ಳಿ, ತಗಳಿ ತಾಯಿ ನಿಮ್ಮ ಯಜಮಾನರನ್ನು ಎಂದರು. ನಡೆದದ್ದನ್ನೆಲ್ಲ ಹೇಳಿದರು. ಅವಳು ಹೊಟ್ಟೆ ಹಿಡಿದು ನಗುತ್ತಾಳೆ, ಮುಂದೆ ಜನ್ಮವಿಡೀ ಆಡಿಕೊಳ್ಳುತ್ತಾಳೆ ಎಂದು ನಾನು ತಲೆ ತಗ್ಗಿಸಿ ನಿಂತಿದ್ದೆ. ಅವಳು ನಗಲೇ ಇಲ್ಲ. ನನ್ನ ತೋಳು ಮುಟ್ಟಿ ನೋಡಿ, ಚನ್ನಪ್ಪನವರಿಗೆ ಎಲೆ ಹಾಕಿದಳು. ಮಂಚ ಕೊಟ್ಟರೂ ಒಲ್ಲೆನೆಂದು ಅವರು ಹೊಸ್ತಿಲಿಗೆ ಅಡ್ಡಲಾಗಿ ಚಾಪೆ ಹಾಕಿ ಮಲಗಿದರು. ನಾನು ಎದ್ದು ಹೋಗಬಾರದಲ್ಲ, ಅದಕ್ಕೆ.

ಸೋಮವಾರ ಕಾಲೆಳೆದುಕೊಂಡು ಫ್ಯಾಕ್ಟರಿಗೆ ಹೋದೆ. ಕ್ಯಾಂಟೀನಿನಲ್ಲಿ ಮೋಟಾರ್‌ಸೈಕಲ್ ವಿಭಾಗದ ಸದಸ್ಯರು ಅಸಾಧಾರಣ ಮೌನದಿಂದ ಇಡ್ಲಿ ತಿನ್ನುತ್ತಿದ್ದರು. ಶಿಬಿರ ಹೇಗಾಯಿತು ಎಂದು ನಾನು ಕೇಳಲಿಲ್ಲ, ನೀನು ಎಲ್ಲಿದ್ದೆ ಎಂದು ಅವರೂ ಕೇಳಲಿಲ್ಲ. ಕೊನೆಗೆ ಅಡುಗೆಭಟ್ಟರು ಬಂದು ಬಯಲು ಮಾಡಿದರು. ಕೆರೆ ತಲುಪಿದ್ದು ಡ್ರೈವರ್ ಇದ್ದ ಕಾರಿನಲ್ಲಿ ಬಂದ ಜನರಲ್ ಮ್ಯಾನೇಜರು, ಮತ್ತು ಲಾರಿಯ ಜನ, ಅಷ್ಟೇ. ಅವರು ಒಂಟಿಯಾಗಿರಲಿಲ್ಲವಲ್ಲ, ಆಚೆ ದಡದ ಹಳ್ಳಿಯವರು ದಾರಿ ಹೇಳಿದ್ದರು. ಸಾಹೇಬರು ಖಾಲಿ ದಡಕ್ಕೆ ಸೀಟಿ ಊದಿ ಊದಿ, ಕೊನೆಗೆ ಕುರ್ಚಿಗಳ ಹಾಜರಿ ತೆಗೆದುಕೊಂಡರಂತೆ. ಪಕ್ಕದಲ್ಲಿ ಕೂತಿದ್ದ ನಾಗರಾಜ ಚಟ್ನಿಗೆ ಕೈ ಚಾಚಿದ. ಅವನ ಬೆರಳುಗಳಿಂದ ಅವರೆಯ ಸೊಗಡು ಗಮ್ಮೆಂದು ಬಂತು. ಅವನನ್ನು ನೋಡಿದೆ. ಅವನು ನನ್ನ ಬೆರಳು ನೋಡುತ್ತಿದ್ದ.

"ಮುದ್ದೆ ಚೆನ್ನಾಗಿತ್ತು ಗುರು," ಎಂದ ಮೆಲ್ಲಗೆ.

ಮುಂದಿನ ಶಿಬಿರಕ್ಕೆ ಎಲ್ಲರೂ ಫ್ಯಾಕ್ಟರಿ ಬಸ್ಸಿನಲ್ಲಿಯೇ ಬರತಕ್ಕದ್ದು ಎಂದು ಸುತ್ತೋಲೆ ಬಂತು.

ನಂತರದ ಭಾನುವಾರ ಹೋಲ್ಡಾಲು ತರಲು ಹೋದೆವು. ಶಾರದೆ ಹಸಿರು ಕವಚದ ಮೇಲೆ ಕೂತು ನನ್ನ ಭುಜ ಹಿಡಿದಿದ್ದಳು. ದಾರಿ ನನಗಿಂತ ಅವಳಿಗೇ ಬೇಗ ಸಿಕ್ಕಿತು, ಯಾಕೆಂದರೆ ಅವಳು ಕೇಳಿದವರೆಲ್ಲ ನಿಜ ಹೇಳಿದರು. ಮುನಿಯಮ್ಮ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದವಳು ಬಹಳ ಹೊತ್ತು ಆಚೆ ಬರಲಿಲ್ಲ. ಏನು ಮಾತಾಡಿದರೋ ಇಂದಿಗೂ ನನಗೆ ಗೊತ್ತಿಲ್ಲ. ಹೊರಡುವಾಗ ಮುದುಕಿ, "ಇಬ್ರೂ ಬಂದಿದ್ದೀರಲ್ಲ, ಈಗ ಬನ್ನಿ ತೋರುಸ್ತೀನಿ," ಎಂದು ಅರಳಿಕಟ್ಟೆಯ ಹಿಂದಿನ ದಿಬ್ಬ ಹತ್ತಿಸಿದಳು. ಕೆರೆ ಅಲ್ಲೇ ಇತ್ತು. ಕಟ್ಟೆಯ ಬೆನ್ನಿಗೇ, ತುಂಬಿಕೊಂಡು, ದೊಡ್ಡದಾಗಿ. ಅಂದು ನಾನು ಅದನ್ನು ಬಳಸಿ ಬಳಸಿ ಸುತ್ತಿದ್ದೆ. ಶಾರದೆ ನೀರು ನೋಡಿದಳು, ನನ್ನನ್ನು ನೋಡಿದಳು, ಆಗ ನಕ್ಕಳು. ಅಲ್ಲಿಂದ ನೇರ ಮಾಕಳಿಗೆ ಹೋದೆವು.

ಈಗ ಮುನಿಯಮ್ಮ ಇಲ್ಲ, ಚನ್ನಪ್ಪನವರೂ ಇಲ್ಲ. ಅವರ ಹೊಲದಲ್ಲಿ ಎದ್ದಿರುವ ಕಟ್ಟಡದ ಬಾಡಿಗೆ ಮೊಮ್ಮಕ್ಕಳಿಗೆ ಬರುತ್ತದೆ. ಕೆರೆಗೆ ತಂತಿ ಬೇಲಿ, ನಡೆಯುವವರಿಗೆ ಟೈಲ್ಸು ದಾರಿ, ಒಂದು ಮೂಲೆಯಲ್ಲಿ ನೊರೆ. ನಾವೂ ನಿವೃತ್ತಿಯ ನಂತರ ಈ ಕಡೆಗೇ ಬಂದು ಮನೆ ಮಾಡಿದೆವು. ಇಲ್ಲಿ ಈಗ ಯಾರೂ ಯಾರನ್ನೂ ದಾರಿ ಕೇಳುವುದಿಲ್ಲ. ಫೋನು ಹೇಳುತ್ತದೆ. ಕೆರೆಗೆ ಎಂದರೆ ನೇರ ಕೆರೆಗೆ ಕರೆದುಕೊಂಡು ಹೋಗಿ ನಿಲ್ಲಿಸುತ್ತದೆ. ಅದು ಬಹಳ ಪ್ರಾಮಾಣಿಕ. ಯಾಕೆ ಎಂದು ಕೇಳುವುದಿಲ್ಲ, ಊಟ ಆಯಿತೇ ಎಂದೂ ಕೇಳುವುದಿಲ್ಲ.

ಹೀಗೆ ಯೋಚಿಸುತ್ತಾ ಅವರೆಕಾಯಿ ತೂಗಿಸಿ ಚೀಲ ಎತ್ತಿಕೊಳ್ಳುವ ಹೊತ್ತಿಗೆ ಪಕ್ಕದಲ್ಲಿ ಒಂದು ಮೋಟಾರ್‌ಸೈಕಲ್ಲು ನಿಂತಿತು. ಇಪ್ಪತ್ತೈದರ ಆಚೀಚೆಯ ಹುಡುಗ. ಹಿಂದಿನ ಸೀಟಿನ ಮೇಲೆ ದೊಡ್ಡ ಬ್ಯಾಗು, ಅದಕ್ಕೆ ಸುತ್ತಿದ ಹಗ್ಗ, ಮುಖದ ತುಂಬ ಗಡ್ಡ. ಹೆಲ್ಮೆಟ್ಟು ತೆಗೆದಾಗ ಕಣ್ಣು ಕೆಂಪಗಿತ್ತು.

"ಅಂಕಲ್, ಫೋನ್ ಆಫ್ ಆಗ್ಬಿಡ್ತು. ಇಲ್ಲಿ ಲೇಕ್ ಎಲ್ಲಿದೆ?"

ಒಬ್ಬನೇನಾ ಎಂದು ಕೇಳಿದೆ. ಹೌದು, ಫ್ರೆಂಡ್ಸ್ ಎಲ್ಲ ಅಲ್ಲಿಗೇ ಬರುತ್ತಾರೆ, ಕ್ಯಾಂಪಿಂಗು ಎಂದ. ಇರಬಹುದು. ನಾನೂ ಅದನ್ನೇ ಹೇಳಿದ್ದೆ. ಅದೂ ನಿಜವೇ ಆಗಿತ್ತು. ಸೂರ್ಯ ಕಟ್ಟಡಗಳ ಹಿಂದೆ ಇಳಿಯುತ್ತಿದ್ದ. ಅವನ ಮುಖವನ್ನೇ ನೋಡುತ್ತಾ ನಿಂತೆ.

"ಊಟ ಆಯ್ತೇನಪ್ಪ?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಆ ನೋಟದ ಪರಿಚಯ ನನಗೆ ಚೆನ್ನಾಗಿತ್ತು. ಬೆಳಿಗ್ಗೆ ತಿಂದದ್ದು ಎಂದು ಒಪ್ಪಿಕೊಂಡ. ನಾನು ಅವನ ಬ್ಯಾಗಿನ ಕಟ್ಟು ಬಿಚ್ಚಿ, ಅದನ್ನು ಮಡಿಲಿಗೆ ತೆಗೆದುಕೊಂಡು, ಅವರೆಕಾಯಿ ಚೀಲದ ಸಮೇತ ಹಿಂದಿನ ಸೀಟಿನಲ್ಲಿ ಕೂತೆ. ಕೆರೆ ನಮ್ಮ ಮನೆಯ ದಾರಿಯಲ್ಲೇ ಇದೆ, ನಡಿ, ತೋರಿಸುತ್ತೇನೆ ಎಂದು ಎಡಗಡೆಗೆ ಕೈ ಮಾಡಿದೆ.

ಕೆರೆ ಇರುವುದು ಬಲಗಡೆಗೆ.